ಜೋಡಿ ಬೆಂಗಾವಲಿನ ಗೆಲುವು

ಅಕ್ಕ, ಭಾವ, ಮನೆಯಲ್ಲಿ ನೆರೆದ ಸಮಸ್ತ ಮಹಾಜನರೇ, ಸದ್ದು ಮಾಡದೆ ಕೇಳಿ. ಪ್ರಯೋಗಶಾಲೆಯೆಂಬ ರಂಗದಲ್ಲಿ ಇವತ್ತು ನನ್ನ ಮಗಳು ಗೆದ್ದಳು.

ನಮ್ಮ ಜೀವಕೋಶದೊಳಗೆ ಡಿಎನ್‌ಎ ಎಂಬ ನೂಲು ಹಿಸ್ಟೋನ್ ಎಂಬ ಉಂಡೆಗೆ ಸುತ್ತಿಕೊಂಡಿರುತ್ತದಂತೆ. ಈ ಹಿಸ್ಟೋನ್ ಮಹಾ ಆತುರಗಾರ, ಬಿಟ್ಟರೆ ನೂಲಿಗೆ ಅಡ್ಡಾದಿಡ್ಡಿ ಅಂಟಿ ಗಂಟಾಗುತ್ತದೆ. ಅದನ್ನು ಹಿಡಿದು ಹದವಾಗಿ ಕೂರಿಸುವ ಬೆಂಗಾವಲು ಪ್ರೋಟೀನೊಂದಿದೆ. ಅದು ಮೊದಲು ಎರಡೆರಡಾಗಿ ಜೋಡಿಯಾದರೆ ಮಾತ್ರ ಹಿಸ್ಟೋನ್ ಕೈಗೆ ಸಿಗುತ್ತದೆ ಎಂಬುದು ಇವಳ ವಾದ.

ಇವಳ ಮೇಷ್ಟ್ರು ಒಪ್ಪಿರಲಿಲ್ಲ. "ಒಂಟಿನೇ ಸಾಕಮ್ಮ. ಉಪ್ಪು ಕಮ್ಮಿಯಾದ್ರೆ ಗಂಟು ಕಟ್ಟುತ್ತೆ, ಹೋದ ಸಲ ಅಳೆಯುವಾಗ ನಿನ್ನ ಕೈ ಜಾರಿರ್ಬೇಕು. ಇವತ್ತೂ ತೋರಿಸದಿದ್ರೆ ನಾಳೆ ವಿಜ್ಞಾನಿಗಳ ಸಭೇಲಿ ನಿನ್ನ ಭಾಷಣ ಇಲ್ಲ" ಎಂದರು.

ನಾನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಉಪ್ಪುನೀರನ್ನು ಈ ಸಲ ಅವರೇ ಅಳೆದು ಎರಡು ಟ್ಯೂಬಿಗೆ ಸಮನಾಗಿ ಹಾಕಿದರು. ಮಗಳು ಒಂದಕ್ಕೆ ಜೋಡಿಯಾಗಲಾರದಂತೆ ಮಾಡಿದ ಒಂಟಿ ಬೆಂಗಾವಲನ್ನು, ಇನ್ನೊಂದಕ್ಕೆ ಜೋಡಿಯನ್ನು ಹಾಕಿ, ಎರಡಕ್ಕೂ ಹಿಸ್ಟೋನನ್ನೂ ನೂಲನ್ನೂ ಸೇರಿಸಿದಳು. ಕಣ್ಣೆದುರೇ ಒಂಟಿಯದು ಒಡೆದ ಹಾಲಿನಂತಾಯಿತು. ಜೋಡಿಯದು ತಿಳಿನೀರಾಗಿ ನಿಂತಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ತಪ್ಪು ನಂದೇ ಕಣಮ್ಮ" ಎಂದರು. ನಾನು ಭಲೇ ಎಂದ ಅಬ್ಬರಕ್ಕೆ ಪಕ್ಕದ ಕೋಣೆಯವರೆಲ್ಲ ಓಡಿಬಂದರು.

ನನ್ನ ಮಂಡಿನೋವು ಇಳಿದಿದೆ, ಮಾತ್ರೆ ಇನ್ನೂ ಹತ್ತು ದಿನಕ್ಕಿದೆ. ಕಾರ್ಡು ತುಂಬಿತು. "ಅಪ್ಪಾ, ಸಭೆಗೆ ಬನ್ನಿ, ಆದ್ರೆ ಉಸಿರೆತ್ತಬಾರದು" ಎಂದಿದ್ದಾಳೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮುಂದಿನ ಸಾಲಿನಲ್ಲಿ ಕೂತು, ಹುಟ್ಟಿದಾಗಿನಿಂದ ಮೊದಲ ಸಲ, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ದೊಡ್ಡ ಗಂಟಲಿನ ತಮ್ಮ