ಪರದೆಯಲ್ಲಿ ಅಣ್ಣನ ಮುಖ

ಅಪ್ಪಾ,

ಇವತ್ತು ಕುಮಾಮೊಟೊದ ಅಂತ್ಯಕ್ರಿಯೆ ಭವನದಲ್ಲಿ ನನ್ನದು ಎಂದಿನ ಕೆಲಸ. ಬರಲಾಗದವರಿಗೆ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸುವುದು. ತೀರಿಹೋದ ಮುದುಕರೊಬ್ಬರ ತಂಗಿ ಹತ್ಸುಯೆ ಅಜ್ಜಿ ನಾಗಸಾಕಿಯ ಆಸ್ಪತ್ರೆಯ ಮಂಚದಿಂದ ನೋಡುತ್ತಿದ್ದರು.

ಶವಪೆಟ್ಟಿಗೆಯೊಳಗೆ ಹೂ ಇಡುವಾಗ ನಾವು ಸತ್ತವರ ಮುಖ ತೋರಿಸುವುದಿಲ್ಲ. ಕ್ಯಾಮೆರಾವನ್ನು ಅಲ್ಲಿಟ್ಟ ಅವರ ಫೋಟೋದ ಕಡೆ ತಿರುಗಿಸುತ್ತೇವೆ. ಹಾಗೇ ತಿರುಗಿಸಿದೆ. ಪೆಟ್ಟಿಗೆ ಮುಚ್ಚಲು ಸಿಬ್ಬಂದಿ ಮುಚ್ಚಳ ಎತ್ತಿಕೊಂಡಾಗ ಸ್ಪೀಕರಿನಲ್ಲಿ ಅಜ್ಜಿಯ ದನಿ ಬಂತು.

"ಫೋಟೋ ನನ್ನತ್ರಾನೂ ಇದೆ ಕಣಮ್ಮ. ಅಣ್ಣನ್ನ ತೋರ್ಸು."

"ಸ್ವಲ್ಪ ತಡೀರಿ!" ಎಂದು ಕೂಗಿದ್ದು ನಾನೇ, ಅಪ್ಪಾ. ಎಲ್ಲರೂ ತಿರುಗಿ ನೋಡಿದರು. ಕ್ಯಾಮೆರಾವನ್ನು ಪೆಟ್ಟಿಗೆಯತ್ತ ಹೊರಳಿಸಿದೆ. ಚಿತ್ರ ಅಲ್ಲಿಗೆ ತಲುಪಲು ನಾಲ್ಕು ಸೆಕೆಂಡು ಬೇಕು. ಅಷ್ಟು ಹೊತ್ತು ಮುಚ್ಚಳ ಹಿಡಿದವರು ಹಾಗೇ ನಿಂತಿದ್ದರು.

"ಅಯ್ಯೋ ಕಳ್ಳ, ಗಡ್ಡ ಬೋಳಿಸ್ಕೊಂಡು ಮದುವೆ ಗಂಡಿನ ಹಾಗೆ ಮಲಗಿದ್ದೀಯಲ್ಲೋ ಅಣ್ಣಾ!" ಅಜ್ಜಿ ನಕ್ಕರು. ಆಮೇಲೆ ಅತ್ತರು.

ಮ್ಯಾನೇಜರ್ ಶಿಬಾತಾ ನನ್ನನ್ನು ಹೊರಗೆ ಕರೆದು, "ನಿಯಮ ಗೊತ್ತಿಲ್ವೇನಮ್ಮ ನಿಂಗೆ?" ಎಂದರು. ಗೊತ್ತಿದೆ ಎಂದೆ.

ನಿಮ್ಮ ಅಂತ್ಯಕ್ರಿಯೆಯನ್ನು ನಾನೂ ಪರದೆಯಲ್ಲೇ ನೋಡಿದೆ, ಮೈಕ್ ಬಂದ್ ಮಾಡಿಕೊಂಡು. ಹತ್ಸುಯೆ ಅಜ್ಜಿಗೆ ಮಂಚದಿಂದ ಏಳಲು ಆಗುತ್ತಿರಲಿಲ್ಲ. ನನ್ನ ಕೋಣೆಯಿಂದ ನಿಮ್ಮ ಊರು ರೈಲಿನಲ್ಲಿ ನಲವತ್ತೇ ನಿಮಿಷ.