ಅಕ್ಕನ ಪ್ರತಿಕೂಲ ಸ್ವಾಧೀನ

ಪ್ಲೊಮಾರಿ, ಲೆಸ್ವೋಸ್
ನವೆಂಬರ್ 9, 2018

ಪ್ರೀತಿಯ ತಮ್ಮ ಅರ್ಗಿರಿಸ್‌ಗೆ ಅಕ್ಕ ಸ್ತಮಾತಾಳ ಮುತ್ತುಗಳು.

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಯಾರೋ ಹೋಗಿಬಿಟ್ಟರೆಂದು ಗಾಬರಿಯಾಗಬೇಡ, ಎಲ್ಲರೂ ಗಟ್ಟಿಯಾಗಿದ್ದೇವೆ. ನಿನ್ನ ಸೊಂಟನೋವು ಹೇಗಿದೆ? ಮೆಲ್ಬರ್ನಿನಿಂದ ಬಂದವರನ್ನೆಲ್ಲ ಕೇಳುತ್ತೇನೆ, ಒಬ್ಬರೂ ಸರಿಯಾಗಿ ಹೇಳುವುದಿಲ್ಲ. ಅಲ್ಲೀಗ ಬೇಸಿಗೆ ಶುರುವಂತೆ, ಟೋಪಿಯಿಲ್ಲದೆ ತಿರುಗಬೇಡ, ಚಿಕ್ಕಂದಿನಿಂದಲೂ ನಿನಗೆ ಬಿಸಿಲು ತಾಗಿದರೆ ಮೂಗಿನಲ್ಲಿ ರಕ್ತ ಬರುತ್ತದೆ. ಅಪ್ಪ ತೀರಿಕೊಂಡ ನಲವತ್ತನೇ ದಿನದ ಪ್ರಾರ್ಥನೆಗೆ ನೀನು ಬರಲಿಲ್ಲವೆಂದು ನಾನು ಫೋನಿನಲ್ಲಿ ಕಿರುಚಿ, ನೀನು ಫೋನ್ ಕುಕ್ಕಿ, ಇಪ್ಪತ್ತೆರಡು ವರ್ಷವಾಯಿತು. ನನ್ನ ಕೋಪ ಎಂದೋ ಇಳಿದಿದೆ ಕಣೋ. ಮೊದಲು ಯಾರು ಮಾತಾಡಬೇಕೆಂಬ ಹಟ ಮಾತ್ರ ಇಳಿದಿರಲಿಲ್ಲ. ಸರಿ, ನಾನೇ ಸೋತೆ, ಓದಿ ನಗು.

ಈಗ ಸುದ್ದಿ. ಸರ್ಕಾರ ಜಮೀನುಗಳನ್ನೆಲ್ಲ ಹೊಸ ದಾಖಲೆಗೆ ಸೇರಿಸುತ್ತಿದೆ. ಯಾರೂ ತಮ್ಮದೆಂದು ಬರೆಸದ ಜಾಗ ಕೊನೆಗೆ ಸರ್ಕಾರದ ಪಾಲಂತೆ. ಅಪ್ಪ ನಿನ್ನ ಹೆಸರಿಗೆ ಬರೆದ, ಇಷ್ಟು ವರ್ಷ ನಾನೇ ನೋಡಿಕೊಂಡು ಬಂದ ಆಲಿವ್ ತೋಟವನ್ನು ಏನು ಮಾಡುವುದೆಂದು ನನ್ನ ಮಗ ಸ್ತ್ರಾತಿಸ್ ನನ್ನನ್ನು ವಕೀಲೆಯ ಹತ್ತಿರ ಎಳೆದುಕೊಂಡು ಹೋದ. ವಕೀಲೆ ಯಾರು ಗೊತ್ತೇ? ಬೇಕರಿ ಪ್ರೊದ್ರೊಮೋಸನ ಮೊಮ್ಮಗಳು ಮೆಲ್ಪೊಮೆನಿ! ಅಜ್ಜ ದಿನಾ ಬ್ರೆಡ್ ಸೀಯಿಸುತ್ತಿದ್ದ, ಮೊಮ್ಮಗಳು ಮಾತ್ರ ಬಲು ಹದ. ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು. “ಅಜ್ಜಿ, ಮಾಲೀಕತ್ವ ಅಂದ್ರೆ ಜಾಗ ಯಾರ್ದು ಅಂತ. ಸ್ವಾಧೀನ ಅಂದ್ರೆ ಯಾರ ಕೈಲಿದೆ ಅಂತ. ಬೇರೆಯವ್ರ ಜಾಗಾನ ಇಪ್ಪತ್ತು ವರ್ಷ ನಮ್ಮದೇ ಅಂತ ನೋಡ್ಕೊಂಡು ಬಂದು, ಅವ್ರು ತಕರಾರು ಮಾಡದೇ ಇದ್ರೆ ಅದು ಪ್ರತಿಕೂಲ ಸ್ವಾಧೀನ. ಜಾಗ ನಮ್ಮದೇ ಆಗತ್ತೆ.” ಪ್ರತಿಕೂಲ ಯಾರಿಗೆ ಎಂದು ಕೇಳಿದೆ. “ಮಾಲೀಕರಿಗೆ” ಎಂದಳು. ಅಂದರೆ ನಿನಗೆ.

ಸಾಕ್ಷಿಗೆಂದು ಕಾಫಿ ಅಂಗಡಿಯಿಂದ ಪಕ್ಕದ ತೋಟದ ಪಾಂತೆಲಿಸನನ್ನು ಎಬ್ಬಿಸಿಕೊಂಡು ಬಂದಿದ್ದರು. ಸಾಕ್ಷಿ ಎಂದರೆ ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕಂತೆ, ಅವನೋ, “ಈ ಸ್ತಮಾತಾ ಕೋಲು ಹಿಡ್ಕೊಂಡು ಮರದ ಕೆಳಗೆ ನಿಂತ್ರೆ ದೆವ್ವಾನೂ ಹತ್ರ ಬರಲ್ಲ” ಎಂದ. ಅದನ್ನೂ ಬರೆದುಕೊಂಡರು! ಆಮೇಲೆ ಮೆಲ್ಪೊಮೆನಿ ಪೆನ್ನು ಕೆಳಗಿಟ್ಟು ಕೇಳಿದಳು, “ಒಂದೇ ಪ್ರಶ್ನೆ ಅಜ್ಜಿ. ತಮ್ಮನ ಅನುಮತಿ ಏನಾದ್ರೂ ತಗೊಂಡಿದ್ರಾ? ಅನುಮತಿ ಇದ್ರೆ ಎಷ್ಟು ವರ್ಷ ಆದ್ರೂ ಜಾಗ ಅವ್ರದೇ.” ಸ್ತ್ರಾತಿಸ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ನಾನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹೇಳಿಬಿಟ್ಟೆ, “ಪ್ರತಿ ವರ್ಷ ಕಾಯಿ ಉದುರಿಸೋಕೆ ಮರದ ಕೆಳಗೆ ಬಲೆ ಹಾಸೋ ಮುಂಚೆ ಅವನನ್ನ ಕೇಳ್ತೀನಮ್ಮ.” ಪಾಂತೆಲಿಸನಿಗೆ ಕೆಮ್ಮು ಹತ್ತಿತು. ನಾವಿಬ್ಬರೂ ಮಾತು ಬಿಟ್ಟದ್ದು ಊರಿಗೆಲ್ಲ ಗೊತ್ತಲ್ಲ.

ದಾರಿಯುದ್ದಕ್ಕೂ ಸ್ತ್ರಾತಿಸನ ಕೂಗಾಟ. “ಇಷ್ಟು ವರ್ಷ ಬೆನ್ನು ಮುರ್ಕೊಂಡಿದ್ದು ಯಾರಿಗಮ್ಮಾ? ಮಾವ ಒಂದು ಕಾಗದ ಹಾಕಿದ್ನಾ?” ಅವನ ಮಾತಿನಲ್ಲೂ ನ್ಯಾಯವಿದೆ. ಎರಡು ದಿನದಿಂದ ಅವನೂ ನನ್ನೊಡನೆ ಮಾತು ಬಿಟ್ಟಿದ್ದಾನೆ. ಆದರೆ ಊರಿಗೆ ಬರಲು ನಿನಗಿರುವುದು ಆ ತೋಟದ ನೆಪವೊಂದೇ. ಅದನ್ನೂ ನಾನೇ ಕಿತ್ತುಕೊಂಡರೆ ನಿನ್ನನ್ನು ಏನು ಹೇಳಿ ಕರೆಯಲಿ?

ನಿನ್ನ ಹೆಂಡತಿ ಮಿರ್ಸಿನಿಗೆ, ನಾನು ಕಾಣದ ನಿಮ್ಮ ಮಕ್ಕಳಿಗೆ ನನ್ನ ಆಶೀರ್ವಾದ. ಮಾತೆ ಮರಿಯಮ್ಮ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಅಕ್ಕ,
ಸ್ತಮಾತಾ

ತಾ.ಕ.: ಮೆಲ್ಪೊಮೆನಿ ನಿನಗೆ ಫೋನ್ ಮಾಡಿ ವಿಚಾರಿಸುತ್ತಾಳೆ. ಅಕ್ಕ ವರ್ಷವರ್ಷವೂ ಕೇಳುತ್ತಿದ್ದಳು ಎಂದು ಹೇಳು, ಈ ವಯಸ್ಸಿನಲ್ಲಿ ನನ್ನನ್ನು ಸುಳ್ಳುಗಾತಿ ಮಾಡಬೇಡ. ಇಪ್ಪತ್ತೆರಡು ವರ್ಷದ್ದನ್ನೂ ಸೇರಿಸಿ ಈಗ ಕೇಳುತ್ತಿದ್ದೇನೆ ಅರ್ಗಿರಿಸ್, ನಿನ್ನ ಮರದ ಕಾಯಿ ಕೀಳಲೇನೋ?