ಆರ್ವಿಲ್ಲಾ ಕಳಿಸಿದ ಎಸಳು

೧೯೨೧ ಜೂನ್ ೫, ಭಾನುವಾರ

ತಿಂಗಳ ಮೊದಲ ಭಾನುವಾರದ ಉಪವಾಸ. ಹಾಲು ಕರೆದು, ಕೋಳಿಗೆ ಕಾಳು ಹಾಕಿ ಪ್ರಾರ್ಥನೆಗೆ ಹೋಗಿಬಂದೆ. ಮನಸ್ಸೆಲ್ಲ ನೆವಾಡಾದ ಮಗಳು ಆರ್ವಿಲ್ಲಾಳ ಕಾಗದದಲ್ಲೇ. ಅವಳ ಮದುವೆಯ ವಿಷಯಕ್ಕೆ ಜಗಳವಾಗಿ ಮೂರು ವರ್ಷಕ್ಕೆ ಬಂದ ಮೊದಲ ಕಾಗದ. ತನ್ನ ಕೂಸನ್ನು ಮಣ್ಣು ಮಾಡಿದಲ್ಲಿ, ನಮ್ಮ ಗುಡ್ಡದ ಮೇಲೂ ಬಿಡುವಂಥ ಬಿಳಿ ಸೆಗೋ ಹೂವು ಅರಳಿದೆಯಂತೆ. ಒಂದು ಎಸಳಿಟ್ಟು, "ಅಮ್ಮಾ, ಇದು ನಮ್ಮೂರಿಂದೇ ಅಲ್ವಾ?" ಎಂದು ಕೇಳಿದ್ದಾಳೆ.

ಎಸಳಿನ ಬೆನ್ನ ಮೇಲೆ ಹಸಿರು ಗೆರೆಯಿದೆ. ನಮ್ಮೂರ ಸೆಗೋಗೆ ಅದಿಲ್ಲ. ಈ ಹೂವಿನ ಬೀಜ ತಾಯಿಯ ಬುಡದಲ್ಲೇ ಬೀಳುತ್ತದೆ, ಬೆಟ್ಟ ದಾಟುವುದಿಲ್ಲ. ದೂರವೇ ಇದ್ದು ಇದ್ದು ಬೇರೆ ಜಾತಿಯೇ ಆಗಿಹೋಗಿದೆ.

"ಹೌದು ಅಂತ ಬರ್ದುಬಿಡೇ, ನಿನ್ನ ಗಂಟೇನು ಹೋಗತ್ತೆ?" ಎಂದರು ಮನೆಯವರು.

"ಉಪವಾಸದ ದಿನ ಸುಳ್ಳು ಬರೆಸ್ತೀರಾ?"

ಕಾಗದದಲ್ಲಿ, "ನಮ್ಮೂರಿನದಲ್ಲ ಮಗಳೇ, ನಮ್ಮೂರ ಹೂವಿನ ತಂಗಿ. ನಾನು ಬಂದು ಆ ಹೂವಿನ ಪಕ್ಕ ಒಂದು ಗಳಿಗೆ ಕೂರಲೇ?" ಎಂದು ಬರೆದೆ. ಬಾ ಎನ್ನುತ್ತಾಳೋ ಇಲ್ಲವೋ, ದೇವರೇ ಬಲ್ಲ. ಮನೆಯವರಿಗೆ ಹೇಳಿಟ್ಟಿದ್ದೇನೆ: "ರೀ, ದಿನಾ ಅಂಚೆಮನೆಗೆ ಹೋಗ್ಬನ್ನಿ. ಅವಳ ಉತ್ತರ ಬಂದಿದ್ರೆ ದಾರೀಲಿ ಹರಟೆಗೆ ನಿಲ್ಲದೆ ತಂದ್ಕೊಡಿ."